ಪ್ಲೇಗು ಕಟ್ಟಿಸಿದ ಸ್ಮಶಾನ



ಸ್ಮಶಾನದ ಬಗ್ಗೆ ಮಾತನಾಡಲಿದ್ದೇನೆ ಎಂದಾಗ ಕಚೇರಿಯ ಹಿರಿಯರೊಬ್ಬರು, ‘ನಿನ್ನ ವಯಸ್ಸಿಗೆ ಬೇರೆ ವಿಷಯ ಸಿಗಲಿಲ್ಲವೇ?’ ಎಂದು ನಕ್ಕರು. ಆದರೆ ಮಾಸ್ಕೋದ ವಾಗಾನ್‌ಕೊವೊ ಸ್ಮಶಾನದಲ್ಲಿ ನಮ್ಮಂಥ ಸುದ್ದಿ ಬರೆಯುವವರಿಗೆ ಕೆಲಸವಿದೆ.

1771ರಲ್ಲಿ ಮಾಸ್ಕೋಗೆ ಪ್ಲೇಗು ಬಡಿಯಿತು. 50,000ಕ್ಕೂ ಹೆಚ್ಚು ಜನ ಸತ್ತರು. ಅದುವರೆಗೆ ಚರ್ಚುಗಳ ಅಂಗಳದಲ್ಲೇ, ಮನೆಗಳ ನಡುವೆಯೇ ಹೂಳುವುದು ರೂಢಿ. ಸೋಂಕಿಗೆ ಹೆದರಿದ ಸರ್ಕಾರ ಊರೊಳಗೆ ಹೆಣ ಹೂಳುವುದನ್ನೇ ನಿಷೇಧಿಸಿತು. ಮೇರಿಮಾತೆಯ ಚಿತ್ರಪಟವೊಂದರ ಮುಂದೆ ಜನ ಮುಗಿಬೀಳುವುದನ್ನು ತಡೆಯಹೋದ ಆರ್ಚ್‌ಬಿಷಪ್ ಆಂಬ್ರೋಸಿ ಅವರನ್ನು ರೊಚ್ಚಿಗೆದ್ದ ಗುಂಪು ಕೊಂದೇಬಿಟ್ಟಿತು. ಆ ದಿನಗಳಲ್ಲಿ ಊರಾಚೆ ಹುಟ್ಟಿಕೊಂಡ ಸ್ಮಶಾನಗಳಲ್ಲಿ ವಾಗಾನ್‌ಕೊವೊ ಒಂದು. ಈಗ ಅದು ನಗರದ ನಡುವೆಯೇ ಇದೆ. ಊರು ಬೆಳೆದು ಅದನ್ನು ನುಂಗಿದೆ.

1896ರ ಮೇ ತಿಂಗಳಲ್ಲಿ ಎರಡನೇ ನಿಕೊಲಸ್‌ನ ಪಟ್ಟಾಭಿಷೇಕದ ಸಂಭ್ರಮ. ಖೋಡಿಂಕಾ ಬಯಲಿನಲ್ಲಿ ಜನರಿಗೆ ಎನಾಮಲ್ ಲೋಟ, ಬ್ರೆಡ್ಡು, ಸಾಸೇಜು, ಮಿಠಾಯಿ ಹಂಚುವ ಏರ್ಪಾಡು. ಕೊಡುಗೆ ಎಲ್ಲರಿಗೂ ಸಾಲದಂತೆ ಎಂಬ ಗಾಳಿಸುದ್ದಿ ಹಬ್ಬಿತು. ಬಯಲಿನ ತುಂಬ ಹಳ್ಳಕೊಳ್ಳ. ನೂಕುನುಗ್ಗಲಿನಲ್ಲಿ ಸತ್ತವರು, ಸರ್ಕಾರಿ ಲೆಕ್ಕದಂತೆಯೇ, 1,389 ಮಂದಿ. ಅಂದು ರಾತ್ರಿ ಫ್ರೆಂಚ್ ರಾಯಭಾರಿ ಕೊಟ್ಟ ನೃತ್ಯಕೂಟಕ್ಕೆ ದೊರೆ ಹೋದ. ಹೆಣಗಳು ವಾಗಾನ್‌ಕೊವೊಗೆ ಬಂದವು. ಒಂದು ಲೋಟಕ್ಕಾಗಿ ಹೋದವರ ಸಾಮೂಹಿಕ ಗೋರಿಯ ಮೇಲೆ ಸ್ಮಾರಕವಿದೆ.

ಕವಿ ಯೆಸೆನಿನ್ ಗೋರಿಯೂ ಇಲ್ಲೇ. ಆತ 1925ರಲ್ಲಿ ಸತ್ತ. ಮರುವರ್ಷ ಗೆಳತಿ ಗಲೀನಾ ಬೆನಿಸ್ಲಾವ್‌ಸ್ಕಯಾ ಆ ಗೋರಿಯ ಬಳಿಯೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟಳು.

ನನ್ನನ್ನು ಹೆಚ್ಚು ಕಾಡುವುದು 1980ರ ಜುಲೈ. ಮಾಸ್ಕೋದಲ್ಲಿ ಒಲಿಂಪಿಕ್ಸ್ ನಡೆದಿದ್ದಾಗ ಹಾಡುಗಾರ, ನಟ ವ್ಲಾದಿಮಿರ್ ವಿಸೋಟ್‌ಸ್ಕಿ ತೀರಿಕೊಂಡರು. ಅವರ ಹಾಡುಗಳು ಟೇಪಿನಿಂದ ಟೇಪಿಗೆ ನಕಲಾಗಿ ದೇಶವೆಲ್ಲ ಹಬ್ಬಿದ್ದವು. ಆದರೂ ಪತ್ರಿಕೆಗಳಲ್ಲಿ ಬಂದದ್ದು ನಾಲ್ಕಾರು ಸಾಲು, ಅದೂ ಒಂದೆರಡು ಪತ್ರಿಕೆಗಳಲ್ಲಿ. ಆ ಸುದ್ದಿಮನೆಗಳಲ್ಲೂ ಅವರ ಹಾಡು ಕೇಳಿದವರು ಇದ್ದಿರಲೇಬೇಕಲ್ಲವೇ? ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಹತ್ತಾರು ಸಾವಿರ ಜನ ಟಗಾಂಕಾ ರಂಗಮಂದಿರದ ಮುಂದೆ ನೆರೆದರು. ವಾಗಾನ್‌ಕೊವೊದ ಬಾಗಿಲಲ್ಲೇ ಇರುವ ಅವರ ಗೋರಿಗೆ ಇಂದಿಗೂ ಹೂ ತಪ್ಪಿಲ್ಲ.

15 ವರ್ಷದ ನಂತರ, 1995ರ ಮಾರ್ಚ್ 1ರಂದು, ಟಿವಿ ಪತ್ರಕರ್ತ ವ್ಲಾದಿಸ್ಲಾವ್ ಲಿಸ್ತ್ಯೆವ್ ಅವರನ್ನು ಅವರ ಮನೆಯ ಮೆಟ್ಟಿಲ ಬಳಿ ಗುಂಡಿಟ್ಟು ಕೊಂದರು. ಈ ಸಲ ಯಾರೂ ಮುಚ್ಚಿಡಲಿಲ್ಲ. ಮರುದಿನ ಟಿವಿ ಪರದೆಯ ಮೇಲೆ ಅವರ ಭಾವಚಿತ್ರ, ‘ಲಿಸ್ತ್ಯೆವ್ ಕೊಲೆಯಾಗಿದ್ದಾರೆ’ ಎಂಬ ಮಾತು. ಅವರನ್ನೂ ಹೂಳಿದ್ದು ಇಲ್ಲೇ. ಆ ಕೊಲೆಗೆ ಇದುವರೆಗೆ ಯಾರಿಗೂ ಶಿಕ್ಷೆಯಾಗಿಲ್ಲ.