ಮಾದರಿ ಕಟ್ಟುವವರ ಹೊತ್ತು

ಒಂದು ವಸ್ತುವನ್ನು ಅದರ ಹನ್ನೆರಡರಲ್ಲೊಂದು ಪಾಲಿಗೋ ಎಪ್ಪತ್ತೆರಡರಲ್ಲೊಂದು ಪಾಲಿಗೋ ಕುಗ್ಗಿಸಿ, ಅದರ ಅಂಗಾಂಗಗಳನ್ನೆಲ್ಲ ಅದೇ ಅಳತೆಯಲ್ಲಿ ಉಳಿಸಿಕೊಂಡು, ಕೈಯಿಂದ ಕಟ್ಟಿ ನಿಲ್ಲಿಸುವ ಹವ್ಯಾಸವೊಂದುಂಟು. ವಿಮಾನ, ಹಡಗು, ರೈಲು, ಮನೆ, ಗಾಡಿ, ಯಾವುದಾದರೂ ಆಗಬಹುದು. ಈ ಕೆಲಸದಲ್ಲಿ ತೊಡಗಿದವರ ಮನೆಗೆ ಹೋದವರೆಲ್ಲರೂ ಮೊದಲು ಕೇಳುವ ಪ್ರಶ್ನೆ, ‘ಇದಕ್ಕೆ ಎಷ್ಟು ಹೊತ್ತು ಹಿಡಿಯಿತು?’ ಎಂಬುದು. ಕೇಳುವ ದನಿಯಲ್ಲಿ ಮೆಚ್ಚಿಗೆ ಇರುತ್ತದೆ. ಮೆಚ್ಚಿಗೆಯ ಬೆನ್ನಿಗೇ ಸಣ್ಣದೊಂದು ಆಕ್ಷೇಪಣೆಯೂ ಇರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳಲ್ಲಿ ನಮಗೆ ಪರಿಚಿತರಾದ ಕೆಲವರ ಕೆಲಸವನ್ನು ಮುಂದಿಟ್ಟುಕೊಂಡು, ಈ ಪ್ರಶ್ನೆಗೆ ಏನು ಉತ್ತರ ಹೇಳಬಹುದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಈ ಹವ್ಯಾಸ ಪರದೇಶದ್ದೆಂದು ಹೇಳುವವರುಂಟು. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರುವ ಪದ್ಧತಿ ಅಲ್ಲಿಯದೆಂಬುದು ನಿಜವೇ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪಿನಿಂದ ಜೋಡಿಸುವ ಆಟವೊಂದಕ್ಕೆ 1901ರಲ್ಲಿ ಪೇಟೆಂಟು ಪಡೆದನು. ಅದೇ ಮುಂದೆ ‘ಮೆಕ್ಯಾನೊ’ ಎಂದು ಹೆಸರಾಯಿತು. 1936ರಲ್ಲಿ ಇಂಗ್ಲೆಂಡಿನ ‘ಫ್ರಾಗ್’ ಎಂಬ ಹೆಸರಿನ ತಯಾರಕರು ವಿಮಾನಗಳ ಪ್ಲಾಸ್ಟಿಕ್ ಕಿಟ್ಟುಗಳನ್ನು ಹೊರತಂದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ‘ಏರ್‌ಫಿಕ್ಸ್’ ಕಂಪನಿಯವರು ಅದನ್ನು ಸಾಧಾರಣ ಹುಡುಗರ ಕೈಗೆಟುಕುವ ಬೆಲೆಗೆ ಇಳಿಸಿದರು. ಇವುಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿರುವ ಪ್ರಮಾಣ ಎಪ್ಪತ್ತೆರಡಕ್ಕೆ ಒಂದು. ಆರಡಿಯ ಆಳು 72 ಅಂಗುಲವಷ್ಟೆ. ಆದುದರಿಂದ ಈ ಲೆಕ್ಕದಲ್ಲಿ ಆತನು ಸರಿಯಾಗಿ ಒಂದಂಗುಲದ ಮನುಷ್ಯನಾಗುತ್ತಾನೆ.

ಕಿಟ್ಟು ಹೊರಗಿನಿಂದ ಬಂದಿರಬಹುದು. ಕಟ್ಟುವ ಚಪಲ ಇಲ್ಲಿಯದೇ. ಜೋಳ ಬೆಳೆಯುತ್ತಿದ್ದ ಊರುಗಳಲ್ಲಿ ಕೊಯ್ಲು ಮುಗಿದ ಮೇಲೆ ಹುಡುಗರಿಗೆ ಒಣಗಿದ ದಂಟೇ ಕಿಟ್ಟು. ಮಳವಳ್ಳಿಯ ಹಿರಿಯರೊಬ್ಬರು ಒಂದು ಸಂಜೆ ಇದನ್ನು ನಮಗೆ ಮಾಡಿ ತೋರಿಸಿದರು. ದಂಟಿನ ಹೊರಸಿಪ್ಪೆಯನ್ನು ಉಗುರಿನಿಂದ ಸೀಳಿ ತೆಗೆದರೆ ಚೂಪಾದ ಸಿಬಿರುಗಳು ಬರುತ್ತವೆ. ಒಳಗೆ ಉಳಿಯುವುದು ಬಿಳಿಯ ಬೆಂಡು. ಬೆಂಡೇ ಮರ, ಸಿಬಿರೇ ಮೊಳೆ. ಅಂಟು ಬೇಡ, ಸುತ್ತಿಗೆ ಬೇಡ, ಕಾಸು ಖರ್ಚಿಲ್ಲ. ಅರ್ಧ ಗಂಟೆಯೊಳಗೆ ಮೂಕಿ, ನೊಗ, ಎರಡು ಚಕ್ರ, ನೊಗಕ್ಕೆ ಕೊರಳು ಕೊಟ್ಟ ಎರಡು ಎತ್ತು, ಎಲ್ಲವೂ ಅವರ ಅಂಗೈಯ ಮೇಲೆ ನಿಂತುವು. ಗಾಡಿಯಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆಂಬ ಜ್ಞಾನವನ್ನು ಅವರು ಎಂಟನೆಯ ವಯಸ್ಸಿನಲ್ಲಿ ಹೀಗೆ ಸಂಪಾದಿಸಿದುದಂತೆ. ನಾಲೆಯ ನೀರು ಹರಿದ ಕಡೆಗಳಲ್ಲಿ ಕಬ್ಬೂ ಭತ್ತವೂ ಹೆಚ್ಚಿ, ಜೋಳದ ದಂಟನ್ನು ಹುಡುಕಿಕೊಂಡು ಹೋಗಬೇಕಾಯಿತು ಎಂದೂ ಅವರು ಹೇಳಿದರು.

ನವರಾತ್ರಿಯ ಗೊಂಬೆಗಳನ್ನು ಕೂರಿಸುವ ಮನೆಗಳಲ್ಲಿಯೂ ಇದೇ ಚಪಲವುಂಟು. ಹಬ್ಬಕ್ಕೆ ವಾರ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಎರಚುತ್ತಾರೆ. ಗೊಂಬೆ ಕೂರಿಸುವ ದಿನಕ್ಕೆ ಅದು ಹಸುರು ಗದ್ದೆಯಾಗುತ್ತದೆ. ಕನ್ನಡಿಯ ಚೂರು ಕೊಳವಾಗುತ್ತದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಒಂದು ಮೂಲೆಯಲ್ಲಿ ಅಂಗಡಿಯ ಶೆಟ್ಟರು. ಇಲ್ಲಿ ಅಳತೆಯ ಹಂಗು ಮಾತ್ರ ಯಾರಿಗೂ ಇಲ್ಲ. ಶೆಟ್ಟರು ದೇವಸ್ಥಾನದ ಗೋಪುರಕ್ಕಿಂತ ಎರಡಂಗುಲ ಎತ್ತರ. ಅವರ ಮುಂದಿನ ತಕ್ಕಡಿಯಲ್ಲಿ ಆನೆಯನ್ನು ತೂಗಬಹುದು. ಇದರಿಂದ ಹಬ್ಬಕ್ಕೆ ಯಾವ ಕುಂದೂ ಇಲ್ಲ. ಗೊಂಬೆಗೂ ಮಾದರಿಗೂ ಇರುವ ವ್ಯತ್ಯಾಸ ಇಷ್ಟೆ: ಮಾದರಿ ಕಟ್ಟುವವನು ಒಂದು ಪ್ರಮಾಣವನ್ನು ಒಪ್ಪಿಕೊಂಡಮೇಲೆ ಕಡೆಯ ಮೊಳೆಯವರೆಗೂ ಅದಕ್ಕೆ ಕಟ್ಟುಬಿದ್ದಿರುತ್ತಾನೆ. ಹೊತ್ತು ಹಿಡಿಯುವುದು ಇಲ್ಲಿಂದ ಮೊದಲಾಗುತ್ತದೆ.

ಮಂಡ್ಯದಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ‘ಸ್ಪಿಟ್‌ಫೈರ್’ ವಿಮಾನದ ಕಿಟ್ಟೊಂದನ್ನು ತಂದು ಕಟ್ಟಿದನು. ಕಟ್ಟಿ ಮುಗಿಸಿದರೆ ಐದಂಗುಲ ಉದ್ದ, ಆರಂಗುಲ ರೆಕ್ಕೆಯ ಅಗಲ. ಹುಡುಗನು ಲೆಕ್ಕದ ಸ್ವಭಾವದವನಾದುದರಿಂದ, ನಾವು ಕೇಳಿದ ಮೇಲೆ ಪುಟ್ಟ ಪುಸ್ತಕವೊಂದರಲ್ಲಿ ಹೊತ್ತಿನ ಜಮಾಖರ್ಚನ್ನು ಬರೆದಿಟ್ಟನು. ಭಾಗಗಳನ್ನು ಕತ್ತರಿಸಿ ಅಂಚು ತೀಡುವುದಕ್ಕೆ 4 ಗಂಟೆ, ಅಂಟಿಸುವುದಕ್ಕೆ 5, ಸಂದು ಮುಚ್ಚಿ ಉಜ್ಜುವುದಕ್ಕೆ 3, ಬಣ್ಣಕ್ಕೆ 9, ಗುರುತುಚೀಟಿಗಳನ್ನು ನೀರಿನಲ್ಲಿ ನೆನೆಸಿ ಕೂರಿಸುವುದಕ್ಕೆ 2. ಕಡೆಯ ಸಾಲಿನಲ್ಲಿ ‘ಸುಮ್ಮನೆ ನೋಡಿದ್ದು, 3 ಗಂಟೆ’ ಎಂದಿತ್ತು. ಒಟ್ಟು 26. ಬಣ್ಣ ಒಣಗಲೆಂದು ಕಾದ ದಿನಗಳು ಈ ಲೆಕ್ಕಕ್ಕೆ ಸೇರಿಲ್ಲ. ಅವು ಸೇರಿದರೆ ಮೂರು ವಾರಕ್ಕೆ ಮಿಕ್ಕುತ್ತವೆ. ಇದೊಬ್ಬ ಹುಡುಗನ, ಒಂದು ವಿಮಾನದ ಲೆಕ್ಕವೆಂಬುದನ್ನು ಮರೆಯಬಾರದು. ಇದನ್ನೇ ಒಂದು ಭಾನುವಾರದಲ್ಲಿ ಮುಗಿಸಿ ಏಳುವವರುಂಟು. ಹಗ್ಗಗಳನ್ನೆಲ್ಲ ಬಿಗಿದ ಹಾಯಿಹಡಗೊಂದರ ಮುಂದೆ ವರ್ಷಗಟ್ಟಲೆ ಕುಳಿತವರೂ ಉಂಟು. ಕಟ್ಟುವುದಕ್ಕಿಂತ ಬೇಗ ಕೊಂಡು, ತೆರೆಯದ ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಪೇರಿಸುವವರು ಮತ್ತೊಂದು ಜಾತಿ. ಪುಸ್ತಕ ಕೊಂಡು ಕಪಾಟು ತುಂಬಿಸುವ ನಮ್ಮಂತಹ ಮೇಷ್ಟರುಗಳು ಅವರನ್ನು ಕಂಡು ನಗುವಂತಿಲ್ಲ.

ಹುಡುಗನ ತಂದೆ ಕಬ್ಬು ಬೆಳೆಯುವ ರೈತರು. ಪರೀಕ್ಷೆ ಹತ್ತಿರವಿದ್ದ ಕಾಲ. ಅವರು ಆ ಪುಸ್ತಕವನ್ನು ನಮಗೆ ತೋರಿಸಿ, ‘ಮೇಷ್ಟ್ರೇ, ಇಷ್ಟೊತ್ನಲ್ಲಿ ಗದ್ದೆಗೆ ಎಷ್ಟು ಸತಿ ನೀರು ಕಟ್ಬೋದಾಗಿತ್ತು!’ ಎಂದರು. ಮಾತಿನಲ್ಲಿ ನ್ಯಾಯವಿತ್ತು. ಮಗನನ್ನು ಓದಿಸುವುದಕ್ಕೆ ಅವರು ಪಡುತ್ತಿದ್ದ ಕಷ್ಟ ನಮಗೆ ಗೊತ್ತಿದ್ದಿತು. ಪರೀಕ್ಷೆ ಮುಗಿಯುವವರೆಗೂ ಮುಂದಿನ ಪೆಟ್ಟಿಗೆಯನ್ನು ತೆರೆಯಕೂಡದೆಂದು ಹುಡುಗನಿಗೆ ಅವರೆದುರಿಗೇ ಹೇಳಿದೆವು. ಆದರೆ ಆ ಕಡೆಯ ಸಾಲಿನ ಮೂರು ಗಂಟೆಯನ್ನು ಅವರು ಬೆರಳಿಟ್ಟು ತೋರಿಸಿದಾಗ, ನಮಗೆ ಬೇರೊಂದು ಚಿತ್ರ ಕಣ್ಣಮುಂದೆ ಬಂದಿತು. ರಾತ್ರಿ ಸರದಿಯ ನೀರು ಕಟ್ಟಿ, ಬೆಳಗಿನ ಜಾವದಲ್ಲಿ ಬದುವಿನ ಮೇಲೆ ನಿಂತು ಪೈರನ್ನು ದಿಟ್ಟಿಸುವ ರೈತನು ಆ ಹೊತ್ತನ್ನು ಯಾವ ಖಾತೆಗೆ ಬರೆಯುತ್ತಾನೆ? ಆಗ ನೀರು ತಾನೇ ಹರಿಯುತ್ತಿರುತ್ತದೆ. ಅವನು ಮಾಡತಕ್ಕ ಕೆಲಸವಿಲ್ಲ. ಆದರೂ ಗದ್ದೆಯ ಯಾವ ಮೂಲೆ ತಗ್ಗು, ಯಾವ ಸಾಲಿಗೆ ರೋಗ ಬಿದ್ದಿದೆ ಎಂಬುದು ತಿಳಿಯುವುದು ಆ ಹೊತ್ತಿನಲ್ಲೇ.

ಹೊತ್ತಿನ ವಿಷಯದಲ್ಲಿ ಮಾದರಿಗಳದೊಂದು ವಿಚಿತ್ರವುಂಟು. ಮಂಡ್ಯ ಜಿಲ್ಲೆಯಲ್ಲಿಯೇ, ಕೃಷ್ಣರಾಜಸಾಗರದಲ್ಲಿ, 1944ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಅಣೆಕಟ್ಟು, ಕೋಡಿ, ತೂಬುಗಳನ್ನು ಅಳತೆಗೆ ಕುಗ್ಗಿಸಿ ಕಟ್ಟಿ, ನೀರು ಹರಿಸಿ ಪರೀಕ್ಷಿಸುವುದು ಇಂತಹ ಕೇಂದ್ರಗಳ ಕೆಲಸ. ಅಲ್ಲಿಯ ಶಾಸ್ತ್ರದ ಪ್ರಕಾರ, ಉದ್ದವನ್ನು ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಸಿದರೆ ಕಾಲವು ಅದರ ವರ್ಗಮೂಲದಂತೆ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಹೊಳೆಯಲ್ಲಿ ಒಂದು ಗಂಟೆ ಹರಿಯುವ ಪ್ರವಾಹ ಪುಟ್ಟ ಮಾದರಿಯಲ್ಲಿ 12 ನಿಮಿಷಕ್ಕೆ ಮುಗಿದುಹೋಗುತ್ತದೆ. ಹವ್ಯಾಸಿಯ ಮೇಜಿನ ಮೇಲೆ ಆಗುವುದು ಇದರ ತಿರುವುಮುರುವು. ಅಲ್ಲಿ ಅಳತೆ ಕುಗ್ಗಿದಷ್ಟೂ ಹೊತ್ತು ಹಿಗ್ಗುತ್ತದೆ. ಇದಕ್ಕೆ ಮದ್ದೂರಿನ ಗಾಡಿಯೊಂದನ್ನು ಉದಾಹರಣೆಯಾಗಿ ಕೊಡಬಹುದು.

ಮದ್ದೂರಿನಲ್ಲಿ ನೆಲಸಿರುವ ಈ ಮಹನೀಯರು ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ವಿಶ್ರಾಂತಿ ಪಡೆದವರು. ಹಳೆಯ ಮರದ ಚಕ್ರದ ಎತ್ತಿನ ಗಾಡಿಯನ್ನು ಹನ್ನೆರಡಕ್ಕೆ ಒಂದರ ಪ್ರಮಾಣದಲ್ಲಿ ಮಾಡಬೇಕೆಂಬ ಹಂಬಲ ಅವರಿಗೆ ಹುಟ್ಟಿತು. ಅಡಿಯೊಂದು ಅಂಗುಲವಾದರೆ ಸರಿ, ಸುಲಭದ ಲೆಕ್ಕ. ಆದರೆ ಅಳೆಯುವುದಕ್ಕೆ ಗಾಡಿ ಎಲ್ಲಿ? ರಬ್ಬರು ಟೈರಿನ ಗಾಡಿಗಳು ಬಂದು, ಅವುಗಳ ಹಿಂದೆ ಟ್ರಾಕ್ಟರುಗಳು ಬಂದ ಮೇಲೆ, ಮರದ ಚಕ್ರಗಳು ಬೇಲಿಗೆ ಒರಗಿದುವು, ಇಲ್ಲವೆ ಒಲೆಗೆ ಹೋದುವು. ಶಿಂಷೆಯ ಆಚೆಯ ಹಳ್ಳಿಗಳಲ್ಲಿ ಸುತ್ತಿ, ಕಡೆಗೆ ಒಂದು ಹಿತ್ತಲಿನಲ್ಲಿ ಗೆದ್ದಲು ತಿಂದು ಉಳಿದ ಚಕ್ರವೊಂದು ಸಿಕ್ಕಿತು. ಐದಡಿ ಎತ್ತರ, 12 ಅರೆಗಳು; ಸುತ್ತುಮರ ಆರು ತುಂಡು, ತುಂಡಿಗೆ ಎರಡೆರಡು ಅರೆ. ನಕ್ಷೆ ಬರೆದುಕೊಳ್ಳುವುದಕ್ಕೆ ಮುಂಚೆಯೇ ನಾಲ್ಕು ತಿಂಗಳು ಕಳೆದಿದ್ದುವು.

ದೊಡ್ಡ ಚಕ್ರಕ್ಕೆ ಕಬ್ಬಿಣದ ಪಟ್ಟಾ ತೊಡಿಸುವ ಕ್ರಮವನ್ನು ಹಿಂದೆ ಹಳ್ಳಿಗಳಲ್ಲಿ ಎಲ್ಲರೂ ನೋಡಿದ್ದರು. ಬೆರಣಿಯ ಬೆಂಕಿಯಲ್ಲಿ ಪಟ್ಟಾವನ್ನು ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ಹಾಕಿ, ಬಡಿದು ಕೂರಿಸಿ, ಒಡನೆ ನೀರು ಸುರಿದರೆ ಕುಗ್ಗಿ, ಆರು ತುಂಡುಗಳನ್ನೂ ಹನ್ನೆರಡು ಅರೆಗಳನ್ನೂ ಒಂದೇ ಹಿಡಿತಕ್ಕೆ ಬಿಗಿಯುತ್ತದೆ. ಫಿಟ್ಟರು ಇದನ್ನು ಐದಂಗುಲದ ಚಕ್ರಕ್ಕೂ ಮಾಡಲು ಹೊರಟರು. ತಗಡಿನ ಬಳೆಯನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಎತ್ತಿದರೆ, ಚಕ್ರದ ಬಳಿಗೆ ಬರುವಷ್ಟರಲ್ಲಿ ಅದು ಆರಿ ಹೋಗಿರುತ್ತಿತ್ತು. ಚಿಕ್ಕ ವಸ್ತುವಿಗೆ ತನ್ನ ಮೈಯೊಳಗಿನ ಪದಾರ್ಥಕ್ಕಿಂತ ಹೊರಮೈಯೇ ಹೆಚ್ಚು. ಕಾವು ಅದರಲ್ಲಿ ನಿಲ್ಲುವುದಿಲ್ಲ. ಅಳತೆಯನ್ನು ಕುಗ್ಗಿಸಬಹುದು, ಪ್ರಕೃತಿಯ ನಿಯಮವನ್ನು ಅದರ ಜೊತೆಗೆ ಕುಗ್ಗಿಸಲಾಗದು. ಅನೇಕ ಬಳೆಗಳು ಹಾಳಾದ ಮೇಲೆ ಅರದಿಂದ ಕೂದಲೆಳೆಯಷ್ಟು ತೀಡಿ ತೀಡಿ, ತಣ್ಣಗಿರುವಾಗಲೇ ಒತ್ತಿ ಕೂರಿಸಿದರು. ಊರಿನ ಕಮ್ಮಾರನು ಒಂದು ಬೆಳಗಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಇವರಿಗೆ ಎರಡು ತಿಂಗಳಾಯಿತು.

ಗಾಡಿ ನಿಂತ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಳೆಯ ಬಡಗಿಯೊಬ್ಬನಿಗೆ ತೋರಿಸಲು ಹೋದರು, ನಾವೂ ಜೊತೆಯಲ್ಲಿದ್ದೆವು. ಮುದುಕನ ಕೈ ಉಳಿ ಹಿಡಿಯುವುದನ್ನು ಬಿಟ್ಟು ಬಹುಕಾಲವಾಗಿತ್ತು. ಗಾಡಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಹಿಂದಕ್ಕೂ ಮುಂದಕ್ಕೂ ಉರುಳಿಸಿ, ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ಚಕ್ರವನ್ನು ತಿರುಗಿಸಿದನು. ಆಮೇಲೆ, ‘ಎಲ್ಲ ಸರಿಯಾಗದೆ. ಆದ್ರೆ ಸದ್ದಿಲ್ದ ಗಾಡಿ ಗಾಡಿಯಾ ಸೋಮಿ?’ ಎಂದನು. ನಿಜವಾದ ಗಾಡಿಯಲ್ಲಿ ಚಕ್ರದ ಗುಂಬಕ್ಕೂ ಕಡಾಣಿಗೂ ನಡುವೆ ಅರ್ಧ ಅಂಗುಲದಷ್ಟು ಸಡಿಲವನ್ನು ಬೇಕೆಂದೇ ಬಿಡುತ್ತಿದ್ದರಂತೆ. ಚಕ್ರವು ಅಚ್ಚಿನ ಮೇಲೆ ಅತ್ತಿತ್ತ ಸರಿದು ಬಡಿಯುವ ಸದ್ದೇ ಗಾಡಿಯ ಸದ್ದು. ಆ ಸಡಿಲವಿಲ್ಲದಿದ್ದರೆ ಹಳ್ಳಕೊಳ್ಳದ ದಾರಿಯಲ್ಲಿ ಅಚ್ಚು ಹಿಡಿದುಕೊಳ್ಳುತ್ತದೆ. ಅರ್ಧ ಅಂಗುಲವೆಂದರೆ ಈ ಪ್ರಮಾಣದಲ್ಲಿ ಒಂದು ಮಿಲಿಮೀಟರು. ಫಿಟ್ಟರು ಮರುಮಾತಾಡದೆ ಮನೆಗೆ ಬಂದು ಎರಡು ಚಕ್ರಗಳನ್ನೂ ಕಳಚಿ ಆ ಒಂದು ಮಿಲಿಮೀಟರನ್ನು ಮಾಡಿದರು. ಅದಕ್ಕೆ ಹದಿನೈದು ದಿನ. ಈಗ ಮೇಜಿನ ಮೇಲೆ ಉರುಳಿಸಿದರೆ ಸಣ್ಣಗೆ ಟಿಕಟಿಕ ಎನ್ನುತ್ತದೆ. ಆ ಬಡಗಿಯ ತಲೆಯಲ್ಲಿದ್ದ ಈ ಮಾತನ್ನು ಅದಕ್ಕೆ ಮುಂಚೆ ಯಾರೂ ಅವನನ್ನು ಕೇಳಿರಲಿಲ್ಲ. ಕೇಳುವುದಕ್ಕಾದರೂ ಏನು ಕಾರಣವಿತ್ತು? ಗಾಡಿ ಬೇಕಾದವರು ಯಾರೂ ಉಳಿದಿರಲಿಲ್ಲ.

ಇಷ್ಟಕ್ಕೂ ಹೊತ್ತು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಗಂಡಸರು ಮೇಜಿನ ಮುಂದೆ ಎರಡು ವರ್ಷ ಕೂರಬೇಕಾದರೆ ಅಡಿಗೆ, ನೀರು, ಮನೆಗೆ ಬಂದುಹೋಗುವವರ ಉಪಚಾರ ಇವು ತಾವಾಗಿ ನಡೆಯುವುದಿಲ್ಲ. ಹವ್ಯಾಸದ ಹೊತ್ತಿನಲ್ಲಿ ಒಂದು ಪಾಲು ಮನೆಯ ಹೆಂಗಸರಿಂದ ತಂದ ಸಾಲವೆಂದೇ ನಮ್ಮ ಎಣಿಕೆ. ಗೊಂಬೆಯ ಹಬ್ಬದ ಗದ್ದೆಯನ್ನೂ ಕೊಳವನ್ನೂ ಅಡಿಗೆಮನೆಯ ಕೆಲಸ ಮುಗಿದ ಮೇಲೆ ರಾತ್ರಿ ಕುಳಿತು ಮಾಡಿದವರನ್ನು, ‘ನಿಮಗೆ ಎಷ್ಟು ಹೊತ್ತು ಹಿಡಿಯಿತು, ತಾಯಿ?’ ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಮದ್ದೂರಿನ ಗಾಡಿಗೆ ಈಗ ಹೇರು ಸಿದ್ಧವಾಗುತ್ತಿದೆ. ಮಂಡ್ಯದ ಸೀಮೆಯ ಗಾಡಿಯಾದ ಮೇಲೆ ಕಬ್ಬಲ್ಲದೆ ಮತ್ತೇನು ಹೇರುವುದು? ಏಳಡಿಯ ಜಲ್ಲೆ ಏಳಂಗುಲವಾಗಬೇಕು. ಒಂದಂಗುಲದ ದಪ್ಪ ಎರಡು ಮಿಲಿಮೀಟರಿಗೆ ಇಳಿಯಬೇಕು. ಇದಕ್ಕೆ ತೆಂಗಿನ ಗರಿಕಡ್ಡಿಗಿಂತ ತಕ್ಕುದು ಬೇರೊಂದಿಲ್ಲ. ಜಲ್ಲೆಯೊಂದಕ್ಕೆ ಒಂದೂವರೆ ಕಿಲೋ ಹಿಡಿದರೂ ಒಂದು ಟನ್ನಿನ ಹೇರಿಗೆ 650ಕ್ಕೆ ಮೇಲ್ಪಟ್ಟು ಕಡ್ಡಿಗಳು ಬೇಕು. ಪ್ರತಿಯೊಂದರ ಮೇಲೂ ಗಿಣ್ಣುಗಳನ್ನು ಬಣ್ಣದಿಂದ ಬರೆಯಬೇಕು. ಮನೆಯ ಎರಡು ಪೊರಕೆಗಳು ಹೀಗೆ ಮುಗಿದು, ಮೂರನೆಯದಕ್ಕೆ ಕೈಹಾಕಿದಾಗ ಮನೆಯಾಕೆ, ‘ಅದು ಮುಟ್ಟಿದರೆ ನಾಳೆಯಿಂದ ಅಂಗಳ ನೀವೇ ಗುಡಿಸಬೇಕು’ ಎಂದು ಹೇಳಿ ಪೊರಕೆಯನ್ನು ಒಳಗಿಟ್ಟರಂತೆ. ಮಾರನೆಯ ದಿನ ಹಿತ್ತಲಲ್ಲಿ ಬಿದ್ದ ಗರಿಯೊಂದನ್ನು ಸೀಳಿ, ಕಡ್ಡಿಗಳ ಕಟ್ಟನ್ನು ತಾವೇ ತಂದು ಮೇಜಿನ ಮೇಲಿಟ್ಟರು. ನಾವು ಕಳೆದ ವಾರ ಹೋದಾಗ ದಂಪತಿಗಳಿಬ್ಬರೂ ದೀಪದ ಕೆಳಗೆ ಎದುರುಬದುರಾಗಿ ಕುಳಿತಿದ್ದರು. ಗಿಣ್ಣುಗಳನ್ನು ಬರೆಯುತ್ತಿದ್ದವರು ಆಕೆ. 400 ಜಲ್ಲೆಗಳು ಮುಗಿದಿದ್ದುವು.