ಯಾರ ಬಾಯಿಂದ ಬಂದ ಹಾಡು?

(ಝಳಕಿಯಲ್ಲಿ ಪುಸ್ತಕ ಮೇಳವನ್ನು ಉದ್ಘಾಟಿಸಿ ಆಡಿದ ಮಾತು)



ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ದಿನವೂ ಓಡಾಡುವ ಮಂದಿಗೆ ಝಳಕಿ ಅಂದರೆ ಗಡಿಗೆ ಮುಂಚೆ ಚಹಾ ಕುಡಿಯುವ ಒಂದು ಊರು. ಇನ್ನೂ ದೂರದವರಿಗೆ ಈ ಇಡೀ ಸೀಮೆಗೆ ಇರುವುದು ಒಂದೇ ಗುರುತು. ಇಂಡಿ, ಚಡಚಣ, ಸಿಂದಗಿಯ ಕಡೆ ಎಲ್ಲಿ ಏನು ಜಗಳವಾದರೂ ಟಿವಿಯ ಪರದೆ ಮೇಲೆ ಅದೇ ಅಕ್ಷರಗಳು ಓಡುತ್ತವೆ: ಭೀಮಾ ತೀರದ ಹಂತಕರು. ಆ ಹೆಸರಿನಲ್ಲಿ ಪುಸ್ತಕ ಬಂತು. 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಸಿನಿಮಾವೂ ಬಂತು. ನಡೆದ ಕೊಲೆಗಳು ಸುಳ್ಳಲ್ಲ. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ಸುಳ್ಳಲ್ಲ. ಆದರೆ ಒಂದು ನದಿಯ ದಂಡೆಯ ನೂರಾರು ಊರುಗಳನ್ನು ಹತ್ತಿಪ್ಪತ್ತು ಮಂದಿಯ ಹೆಸರಿನಿಂದ ಕರೆಯುವುದು ಅನ್ಯಾಯ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗ ಊರಿನ ಹೆಸರು ಹೇಳಿದ ಕೂಡಲೇ ಎದುರಿನವರು ನಕ್ಕು, ಹೆದರಿದವರ ಹಾಗೆ ಹಿಂದೆ ಸರಿಯುವುದನ್ನು ನಾನು ಕಂಡಿದ್ದೇನೆ. ಆ ಹುಡುಗನ ಮುಖವನ್ನೂ ಕಂಡಿದ್ದೇನೆ.

ಇದೇ ನೆಲಕ್ಕೆ ಅದಕ್ಕಿಂತ ಹಳೆಯ, ಅದಕ್ಕಿಂತ ನಿಜವಾದ ಇನ್ನೊಂದು ಗುರುತಿದೆ. ಅದು ಹುಟ್ಟಿದ್ದು ಇಲ್ಲಿಂದ ಹೆಚ್ಚು ದೂರವಿಲ್ಲದ ಹಲಸಂಗಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ. ನಾಲ್ವರು ಗೆಳೆಯರು. ವಿಶ್ವವಿದ್ಯಾಲಯ ಇಲ್ಲ, ಅನುದಾನ ಇಲ್ಲ. ಲಿಂಗಣ್ಣನವರು ಕನ್ನಡ ಸಾಲಿಯ ಮಾಸ್ತರರು. ಇವರು ಊರೂರು ತಿರುಗಿ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಆಮೇಲೆ ಲಾವಣಿಗಳ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಅಕ್ಷರ ಕಲಿಯದ ಹೆಂಗಸರು ಕಟ್ಟಿದ ಪದಗಳನ್ನು ಕನ್ನಡದ ದೊಡ್ಡ ಕವಿಗಳು ಓದಿ ಬೆರಗಾದರು. ಮಧುರಚೆನ್ನರು 1953ರಲ್ಲಿ, ಐವತ್ತರ ಹರೆಯದಲ್ಲೇ ತೀರಿಕೊಂಡರು. ಸಿಂಪಿ ಲಿಂಗಣ್ಣನವರು 1993ರ ಕೊಪ್ಪಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಈ ಮೇಳದಲ್ಲಿ ಒಂದೇ ಪುಸ್ತಕ ಕೊಳ್ಳುವಷ್ಟು ರೊಕ್ಕ ಇದ್ದವರು ‘ಗರತಿಯ ಹಾಡು’ ಕೊಳ್ಳಿರಿ. ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಹಿರಿಯ ಅಜ್ಜಿ ಇದ್ದರೆ ಅರ್ಧ ಪದ ನೀವು ಓದುವಷ್ಟರಲ್ಲಿ ಉಳಿದರ್ಧ ಆಕೆಯೇ ಹೇಳಿಯಾಳು.

ಆ ಪದಗಳು ಎಲ್ಲಿ ಹುಟ್ಟಿದವು ಎನ್ನುವುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ನಸುಕಿನಲ್ಲಿ ಇಬ್ಬರು ಹೆಂಗಸರು ಬೀಸುಕಲ್ಲಿನ ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಕಲ್ಲು ಒಂದು ಸುತ್ತು ಬರುವುದಕ್ಕೆ ಎಷ್ಟು ಉಸಿರು ಬೇಕೋ ಅಷ್ಟರಲ್ಲಿ ಒಂದು ಸಾಲು ಮುಗಿಯಬೇಕು. ಒಬ್ಬಾಕೆ ಎತ್ತಿಕೊಟ್ಟದ್ದನ್ನು ಇನ್ನೊಬ್ಬಾಕೆ ಹಿಡಿಯಬೇಕು. ತ್ರಿಪದಿಯ ಲಯಕ್ಕೆ ಆ ತೋಳಿನ ಅಳತೆಯಿದೆ. ಮನೆಯಲ್ಲಿ ಎಲ್ಲರೂ ಮಲಗಿರುವಾಗ, ಅತ್ತೆಯ ಕಿವಿಗೂ ಗಂಡನ ಕಿವಿಗೂ ಬೀಳಬಾರದ ಮಾತು ಕಲ್ಲಿನ ಸದ್ದಿನೊಳಗೆ ಹೊರಬರುತ್ತಿತ್ತು. ತವರಿನ ನೆನಪು, ಅಣ್ಣ ಕರೆಯಲು ಬರಲಿಲ್ಲವೆಂಬ ಸಂಕಟ, ಕೂಸಿನ ಮೇಲಿನ ಅಕ್ಕರೆ. ಗಂಡಸರಿಗೂ ಹೀಗೆಯೇ: ರಾಶಿಯ ಕಾಲಕ್ಕೆ ಕಣದಲ್ಲಿ ಎತ್ತು ತಿರುಗಿಸುತ್ತ ರಾತ್ರಿಯಿಡೀ ಹಂತಿಯ ಪದ. ಕೆಲಸ ಒಂದು ಕಡೆ, ಕಲೆ ಇನ್ನೊಂದು ಕಡೆ ಇರಲಿಲ್ಲ. ದುಡಿಯುವ ಕೈಯ ಪಕ್ಕದಲ್ಲೇ ಹಾಡುವ ಬಾಯಿ ಇತ್ತು.

ಗಿರಣಿ ಬಂತು, ರಾಶಿ ಮಾಡುವ ಯಂತ್ರ ಬಂತು. ಬಂದದ್ದು ಒಳ್ಳೆಯದೇ ಆಯಿತು. ಹಾಡಿನ ಆಸೆಗೆ ಯಾವ ಹೆಣ್ಣುಮಗಳೂ ಮತ್ತೆ ಬೀಸುಕಲ್ಲಿಗೆ ಕೂಡಬೇಕೆಂದು ನಾನು ಬಯಸುವುದಿಲ್ಲ. ಆ ಕಲ್ಲು ಸವೆಸಿದ ಬೆನ್ನುಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹಾಡು ಕೆಲಸವನ್ನು ಬಿಟ್ಟು ಹೋಯಿತು ಎಂದು ಬಹಳ ಮಂದಿ ಕೊರಗುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ನೋಡಿ. ಚಾಲಕನ ತಲೆಯ ಮೇಲೆ, ಹಿಂದೆ, ಮಗ್ಗುಲಲ್ಲಿ ಸ್ಪೀಕರ್. ಒಂದು ಮೈಲಿ ದೂರಕ್ಕೆ ಕೇಳುವ ಜನಪದ ಹಾಡು. ನಮ್ಮ ಭಾಗದ ಹುಡುಗರೇ ಬರೆದು, ಹಾಡಿ, ಯೂಟ್ಯೂಬಿಗೆ ಹಾಕಿದ್ದು. ಲಕ್ಷಗಟ್ಟಲೆ ಮಂದಿ ಕೇಳುತ್ತಾರೆ. ಅಲ್ಲಿ ವಿಜಯಪುರದ ಮಾತು ಇದ್ದ ಹಾಗೆಯೇ ಇದೆ, ಮೈಸೂರಿನ ಮಾತಿಗೆ ತಿದ್ದಿಲ್ಲ. ನನಗೆ ಆ ಹುಡುಗರ ಮೇಲೆ ಅಭಿಮಾನವಿದೆ. ರಾತ್ರಿ ನಿದ್ದೆಗೆಟ್ಟು ಗಾಡಿ ಹೊಡೆಯುವವನಿಗೆ ಆ ಹಾಡು ಬೇಕು.

ಆದರೆ ಅದೇ ಹಾಡುಗಳನ್ನು ‘ಗರತಿಯ ಹಾಡಿ’ನ ಪಕ್ಕದಲ್ಲಿಟ್ಟು ಕೇಳಿದಾಗ ನನಗೆ ನೋವಾಗುತ್ತದೆ. ಹೆಣ್ಣು ತನ್ನ ಬದುಕನ್ನು ತಾನೇ ಹಾಡಿದ ನಾಡು ಇದು. ಈಗಿನ ಹಾಡುಗಳಲ್ಲಿ ಬಹಳಷ್ಟು ಹೆಣ್ಣಿನ ಬಗ್ಗೆ ಇವೆ, ಹೆಣ್ಣು ಕಟ್ಟಿದವು ತೀರ ಕಡಿಮೆ. ಕೈಕೊಟ್ಟು ಹೋದವಳೆಂದು ಆಕೆಯನ್ನು ಬೈಯುತ್ತಾರೆ, ಇಲ್ಲವೆ ಆಕೆಯ ನಡಿಗೆಯನ್ನು ಬಣ್ಣಿಸುತ್ತಾರೆ. ಆಕೆ ಏನು ಹೇಳಿಯಾಳು ಎಂದು ಕೇಳುವವರಿಲ್ಲ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಅರ್ಧದಷ್ಟು ಹೆಂಗಸರೇ ಇದ್ದಾರೆ. ಆ ಕಬ್ಬನ್ನು ಒಯ್ಯುವ ಗಾಡಿಯ ಹಾಡಿನಲ್ಲಿ ಅವರ ದನಿ ಇಲ್ಲ.

ಅದಕ್ಕೇ ನಾನು ಈಗ ಏನು ಓದಿದರೂ ನೋಡಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರ ಬಾಯಿಂದ ಬಂತು? ದುಡಿಯುವವರು ಮಾತಾಡುತ್ತಿದ್ದಾರೋ, ಅಥವಾ ಅವರ ಬಗ್ಗೆ ಬೇರೆಯವರು ಮಾತಾಡುತ್ತಿದ್ದಾರೋ? ನಿಮಗೆ ನಾನು ಹೇಳುವ ಪುಸ್ತಕ, ಸಿನಿಮಾಗಳನ್ನು ಆರಿಸಿದ್ದೂ ಇದೇ ಪ್ರಶ್ನೆಯಿಂದ.

ಮೊದಲನೆಯದು ಒಂದು ಸಿನಿಮಾ, ‘ಶಿವಮ್ಮ’. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ತೆಗೆದದ್ದು. ಬಣ್ಣ ಹಚ್ಚಿ ಪಳಗಿದವರಲ್ಲ, ಊರ ಮಂದಿಯೇ ಪಾತ್ರ ಮಾಡಿದ್ದಾರೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಥಿಯೇಟರುಗಳಿಗೆ ಬರಲು 2024ರ ತನಕ ಕಾಯಬೇಕಾಯಿತು. ಶಿವಮ್ಮ ಸರ್ಕಾರಿ ಸಾಲಿಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮೈಮೇಲೆ ಸಾಲ. ಶಕ್ತಿ ಕೊಡುತ್ತದೆ ಎನ್ನುವ ಪುಡಿಯೊಂದನ್ನು ಮನೆಮನೆಗೆ ಮಾರುವ ಸರಪಳಿ ವ್ಯಾಪಾರಕ್ಕೆ ಕೂಡಿಟ್ಟ ರೊಕ್ಕ ಹಾಕುತ್ತಾಳೆ. ಆ ಚಿತ್ರ ಆಕೆಯನ್ನು ದಡ್ಡಿ ಎನ್ನುವುದಿಲ್ಲ, ದೇವತೆಯೂ ಮಾಡುವುದಿಲ್ಲ. ಮುಂದೆ ಬರಬೇಕೆಂಬ ಆಕೆಯ ಹಟವನ್ನು ಹತ್ತಿರದಿಂದ ನೋಡುತ್ತದೆ. ಇಂಥ ಪುಡಿ, ಇಂಥ ಸ್ಕೀಮು, ಫೋನಿನಲ್ಲಿ ಸಾಲ ಕೊಡುವ ಆ್ಯಪು, ಕ್ರಿಕೆಟ್ಟಿನ ಮೇಲೆ ರೊಕ್ಕ ಹಚ್ಚುವ ಆಟ ನಮ್ಮ ಊರುಗಳಿಗೂ ಬಂದಿವೆ. ಎಷ್ಟು ಮನೆ ಸುಟ್ಟಿವೆ ಎನ್ನುವುದು ಇಲ್ಲಿ ಕೂತವರಿಗೆ ಗೊತ್ತು. ಮೇಳದ ಗೆಳೆಯರಲ್ಲಿ ನನ್ನ ಬೇಡಿಕೆ: ಅನುಮತಿ ಪಡೆದು ಈ ಚಿತ್ರವನ್ನು ಒಂದು ಸಂಜೆ ಇಲ್ಲಿ ತೋರಿಸಿರಿ. ಸ್ವಸಹಾಯ ಸಂಘದ ತಾಯಂದಿರನ್ನು ಮುಂದೆ ಕೂರಿಸಿರಿ.

ಎರಡನೆಯದು ಗೀತಾ ನಾಗಭೂಷಣರ ‘ಬದುಕು’ ಕಾದಂಬರಿ. ನಮ್ಮ ಪಕ್ಕದ ಕಲಬುರ್ಗಿಯ ಹೆಣ್ಣುಮಗಳು, ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕನ ಮಗಳು. ಗುಮಾಸ್ತೆಯಾಗಿ ದುಡಿಯುತ್ತ ಓದಿದರು, ಉಪನ್ಯಾಸಕಿಯಾದರು, ಬರೆದರು. ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಲೇಖಕಿ ಅವರೇ. ಅವರು ಬರೆದದ್ದು ನೀವು ನಾವು ಆಡುವ ಮಾತಿನಲ್ಲಿ, ಆ ಮಾತಿನ ಬಿರುಸು, ಬೈಗುಳ, ಕರುಳು ಎಲ್ಲ ಇಟ್ಟುಕೊಂಡು. ಕಾಲೇಜಿಗೆ ಹೋಗುವ ಹುಡುಗಿಯರು ಇದನ್ನು ಓದಬೇಕು. ತಮ್ಮ ಮಾತು ಒರಟು ಎಂದು ಯಾರಾದರೂ ಹೇಳಿದರೆ ತಲೆ ತಗ್ಗಿಸುವ ಕಾರಣವಿಲ್ಲ ಎಂದು ಆಗ ತಿಳಿಯುತ್ತದೆ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನೂ ಓದಿರಿ. ವಕೀಲಿಕೆ, ಹೋರಾಟ, ಮನೆ ಎಲ್ಲದರ ನಡುವೆ ಬರೆದ ಕತೆಗಳು. ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದವು.

ಇನ್ನು ಕೆಲಸದ ಮಾತು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಂಪನಿಯ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಅಧ್ಯಕ್ಷರು 90 ಗಂಟೆ ಎಂದರು. ದಿನಗಟ್ಟಲೆ ಟಿವಿಯಲ್ಲಿ ಚರ್ಚೆಯಾಯಿತು. ಆ ಚರ್ಚೆಯಲ್ಲಿ ಕೂತವರಲ್ಲಿ ಒಬ್ಬ ಕಬ್ಬು ಕಡಿಯುವಾಕೆಯನ್ನೂ ನಾನು ಕಾಣಲಿಲ್ಲ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಪತ್ರಿಕೆಯಲ್ಲಿ ಹಣ್ಣಿನ ಫೋಟೋ ನೋಡಿ ನಾನೂ ಹಿಗ್ಗಿದೆ. ಗಿಡದ ಬುಡದಲ್ಲಿ ಬಗ್ಗಿ ಆ ಹಣ್ಣು ಆರಿಸುವವರ ದಿನ ಎಷ್ಟು ಗಂಟೆಯದು ಎಂದು ಯಾರೂ ಬರೆದದ್ದು ಕಣ್ಣಿಗೆ ಬೀಳಲಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಎಂದಿತು. ದೊಡ್ಡ ಹೆಜ್ಜೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹಾಜರಿ ಪುಸ್ತಕ ಇರುವ ಕಡೆ ಅದು ತಲುಪೀತು. ದಿನಗೂಲಿಯ ಹೊಲಕ್ಕೆ, ಗ್ಯಾಂಗಿನ ಗುಡಿಸಲಿಗೆ ತಲುಪುವ ದಾರಿ ಇನ್ನೂ ಆಗಬೇಕಿದೆ.

ಪುಣೆ, ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಹುಡುಗರ ಮನೆಯವರು ಇಲ್ಲಿದ್ದೀರಿ. ಅವರಿಗೆ ಒಂದು ಮಾತು ಮುಟ್ಟಿಸಿರಿ. ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆಗೆಂದು ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ತಂದಿದೆ. ಕಂಪನಿಗಳು ಪ್ರತಿ ವ್ಯವಹಾರಕ್ಕೂ ಕಲ್ಯಾಣ ಶುಲ್ಕ ಕಟ್ಟಬೇಕು, ಅದು ಮಂಡಳಿಯ ನಿಧಿಗೆ ಹೋಗಬೇಕು. ಬೆಂಗಳೂರಿನಲ್ಲಿರುವ ಹುಡುಗ ನೋಂದಣಿ ಆಗಿದೆಯೋ ಇಲ್ಲವೋ ಕೇಳಿರಿ. ದುಡಿಮೆಯ ಬಗ್ಗೆ ಓದುವುದು ಅಂದರೆ ಇದೂ ಹೌದು.

ಸಂಜೆಯ ಹೊತ್ತು ಟಿವಿಯಲ್ಲಿ ಹತ್ತು ಮಂದಿ ಒಟ್ಟಿಗೆ ಕಿರುಚುವಾಗ ನನಗೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ದನಿ ನೆನಪಾಗುತ್ತದೆ. 2023ರ ಜನವರಿ 2ರಂದು ಅವರು ನಮ್ಮನ್ನು ಅಗಲಿದರು. ಅವರ ಪ್ರವಚನಗಳು ಫೋನಿನಲ್ಲಿ ಈಗಲೂ ಸಿಗುತ್ತವೆ. ದನಿ ಏರಿಸದೆ, ಯಾರನ್ನೂ ಹಳಿಯದೆ ಸಾವಿರಾರು ಮಂದಿಯನ್ನು ಒಂದು ತಾಸು ಕೂರಿಸಬಹುದು ಎನ್ನುವುದಕ್ಕೆ ಆ ಪ್ರವಚನಗಳೇ ಸಾಕ್ಷಿ. ವಾರಕ್ಕೊಂದಾದರೂ ಕೇಳಿರಿ.

ಫೋನನ್ನು ಬೈಯುವುದಕ್ಕೆ ನಾನು ಬಂದಿಲ್ಲ. ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ತಾಳೆಗರಿಯಲ್ಲಿದ್ದ ವಚನಗಳನ್ನು ಮಂದಿಯ ಕೈಗೆ ಕೊಡಬೇಕೆಂದು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಆ ಕಾಲದ ಯಂತ್ರವನ್ನು ಅವರು ತಮ್ಮ ಮಂದಿಯ ಮಾತಿಗೆ ದುಡಿಸಿದರು. ನಿಮ್ಮ ಜೇಬಿನಲ್ಲಿ ಹಾಡು ಹಿಡಿಯುವ, ಅಚ್ಚು ಹಾಕುವ, ಲೋಕಕ್ಕೆಲ್ಲ ಹಂಚುವ ಯಂತ್ರ ಇದೆ. ಹಲಸಂಗಿಯ ಗೆಳೆಯರಿಗೆ ಲೆಕ್ಕಣಿಕೆ, ಕಾಗದ ಬಿಟ್ಟರೆ ಏನೂ ಇರಲಿಲ್ಲ. ಹಾಡಿದಾಕೆಯ ಕೊರಳು ನಮಗೆ ಉಳಿಯಲಿಲ್ಲ, ಅಕ್ಷರ ಮಾತ್ರ ಉಳಿಯಿತು. ನೀವು ಕೊರಳನ್ನೂ ಹಿಡಿದಿಡಬಲ್ಲಿರಿ.

ಆದ್ದರಿಂದ ಹೈಸ್ಕೂಲಿನ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಈ ಮೇಳ ಮುಗಿಯುವುದರೊಳಗೆ ನಿಮ್ಮ ಅಜ್ಜಿ, ತಾಯಿ, ಓಣಿಯ ಹಿರಿಯಮ್ಮ ಇವರಲ್ಲಿ ಒಬ್ಬರ ಪದ ರೆಕಾರ್ಡ್ ಮಾಡಿರಿ. ಮೊದಲು ಅವರನ್ನು ಕೇಳಿ, ಒಪ್ಪಿದರೆ ಮಾತ್ರ. ಹಾಡಿದವರ ಹೆಸರು, ಊರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು ಎನ್ನುವುದನ್ನು ಬರೆದಿಡಿರಿ. ಹಳೆಯ ಪದವೇ ಆಗಬೇಕಿಲ್ಲ. ಕಬ್ಬಿನ ಹೊಲದಲ್ಲಿ ನಿಮ್ಮವ್ವ ಕಟ್ಟಿದ ಎರಡು ಸಾಲು ಇದ್ದರೆ ಅದು ಇನ್ನೂ ಮುಖ್ಯ. ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿ ಕಂಪ್ಯೂಟರಿದ್ದರೆ ಒಂದು ಪ್ರತಿ ಅಲ್ಲಿರಲಿ, ಇನ್ನೊಂದು ಸಾಲಿಯಲ್ಲಿರಲಿ. ಇಲ್ಲಿ ಪುಸ್ತಕ ಕೊಳ್ಳುವ ಉಳ್ಳವರು ಮನೆಗೊಂದು, ಅರಿವು ಕೇಂದ್ರಕ್ಕೊಂದು ಎಂದು ಎರಡು ಪ್ರತಿ ಕೊಳ್ಳಿರಿ.

ಈ ಪುಸ್ತಕ ಮೇಳ ಉದ್ಘಾಟನೆಯಾಯಿತು ಎಂದು ಸಂತೋಷದಿಂದ ಹೇಳುತ್ತೇನೆ. ಸಂಜೆ ರೊಟ್ಟಿ ಬಡಿಯುವ ಹೊತ್ತಾಯಿತೆಂದು ಹೆಣ್ಣುಮಕ್ಕಳು ಆಗಲೇ ಬಾಗಿಲ ಕಡೆ ನೋಡುತ್ತಿದ್ದೀರಿ. ಇವತ್ತು ಮಳಿಗೆಗಳ ಒಳಗೆ ಮೊದಲು ನೀವು ಹೋಗಿರಿ, ನಿಧಾನವಾಗಿ ಪುಟ ತಿರುವಿ ನೋಡಿ ಆರಿಸಿರಿ. ಕುರ್ಚಿ ಎತ್ತಿಡುವುದು, ಮಕ್ಕಳನ್ನು ಹಿಡಿಯುವುದು, ಮನೆಗೆ ಹೋಗಿ ಒಲೆ ಹಚ್ಚುವುದು ಗಂಡಸರು ನೋಡಿಕೊಳ್ಳಲಿ.