ಗೈರುಹಾಜರಿಯೂ ಸಂಬಳದ ಕಡಿತವೂ
(ಕಾರ್ಖಾನೆ ಕೆಲಸಕ್ಕೆ ಹೋಗುವ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಳ್ಳಿಗಳಿಂದ ಬೆಳಗಾಗುವ ಮುನ್ನವೇ ಬಸ್ಸು ಹತ್ತಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುವವರು ಈಗ ಬಹಳ ಮಂದಿ. ಹೊಲದಲ್ಲಿ ನಾಟಿ ಬಂತು, ಮನೆಯಲ್ಲಿ ಮಗುವಿಗೆ ಜ್ವರ ಬಂತು, ಒಂದು ದಿನ ಹೋಗಲಾಗಲಿಲ್ಲ. ತಿಂಗಳಾದ ಮೇಲೆ ನೋಡಿದರೆ ಎರಡು ದಿನದ ಸಂಬಳ ಕಾಣೆ! "ಕಾನೂನೇ ಹಾಗಂತೆ" ಎಂದು ಸುಮ್ಮನಾಗುವವರೇ ಹೆಚ್ಚು. ಕಾನೂನು ಹಾಗಿಲ್ಲ.

ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಈ ಪದ್ಧತಿ ಇತ್ತು. ಒಂದು ದಿನ ತಪ್ಪಿದರೆ ಎರಡು ದಿನದ ಕೂಲಿ ಹಿಡಿಯುತ್ತಿದ್ದರು. 'ಡಬಲ್ ಖಾಡಾ' ಎಂದು ಅದರ ಹೆಸರು. 1936ರ ವೇತನ ಪಾವತಿ ಕಾಯಿದೆ ಇದಕ್ಕೆ ತಡೆ ಹಾಕಿತು. ಆ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಈ ನಿಯಮ ಮಾತ್ರ ಹಾಗೆಯೇ ಉಳಿದಿದೆ: ಒಪ್ಪಂದದಂತೆ ಕೆಲಸ ಮಾಡಬೇಕಾಗಿದ್ದ ಕಾಲದಲ್ಲಿ ಎಷ್ಟು ಪಾಲು ತಪ್ಪಿತೋ, ಸಂಬಳದಲ್ಲಿ ಅಷ್ಟೇ ಪಾಲು ಹಿಡಿಯತಕ್ಕದ್ದು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 13,000 ರೂಪಾಯಿ ಸಂಬಳ, 26 ದಿನ ಕೆಲಸ ಎಂದಿಟ್ಟುಕೊಳ್ಳಿ. ದಿನಕ್ಕೆ 500 ಆಯಿತು. ಒಂದು ದಿನ ತಪ್ಪಿದರೆ 500 ಹಿಡಿಯಬಹುದು, 1,000 ಹಿಡಿಯುವಂತಿಲ್ಲ. ದಿನಕ್ಕೆ 8 ಗಂಟೆಯ ಕೆಲಸವಾದರೆ, ಅರ್ಧ ಗಂಟೆ ತಡವಾದುದಕ್ಕೆ 31 ರೂಪಾಯಿ 25 ಪೈಸೆ. ಅರ್ಧ ದಿನದ 250 ಅಲ್ಲ. ಅದಕ್ಕಿಂತ ಮೇಲೆ ಹಿಡಿದರೆ ಅದು ದಂಡವಾಯಿತು. ದಂಡದ ದಾರಿಯೇ ಬೇರೆ: ಮುಂಚೆಯೇ ಪ್ರಕಟಿಸಿದ ತಪ್ಪುಗಳಿಗೆ ಮಾತ್ರ, ಅದೂ ಸಮಜಾಯಿಷಿ ಕೇಳಿದ ಮೇಲೆ, ಆ ತಿಂಗಳ ಸಂಬಳದಲ್ಲಿ ನೂರಕ್ಕೆ 3ನ್ನು ಮೀರದಂತೆ.

ತಿಂಗಳು ಪೂರಾ ಬಂದವರಿಗೆಂದು ಕೆಲವು ಕಡೆ ಹಾಜರಿ ಭತ್ಯೆ ಕೊಡುವುದುಂಟು. ಅದು ತಪ್ಪಿತೆಂದು ಜಗಳಕ್ಕೆ ಹೋಗಬೇಡಿ. ಅದರ ಷರತ್ತೇ ಹಾಗೆ. ಆದರೆ ನೀವು ಹೋಗಿ ಕುಳಿತಿದ್ದು, ಬಟ್ಟೆ ಬಂದಿಲ್ಲ, ಕರೆಂಟಿಲ್ಲ ಎಂದು ಅವರೇ ಕೆಲಸ ಕೊಡದಿದ್ದರೆ, ಅದನ್ನು ನಿಮ್ಮ ಗೈರುಹಾಜರಿಯೆಂದು ಬರೆಯಲಾಗದು.

ನಮ್ಮವರೂ ತಿಳಿಯಬೇಕಾದ ಕಟ್ಟುಪಾಡು ಒಂದಿದೆ. 10 ಮಂದಿ ಅಥವಾ ಹೆಚ್ಚು ಜನ ಮಾತಾಡಿಕೊಂಡು, ಒಪ್ಪಂದದಲ್ಲಿ ಹೇಳಿದ ನೋಟೀಸು ಕೊಡದೆ, ತಕ್ಕ ಕಾರಣವೂ ಇಲ್ಲದೆ ನಿಂತುಬಿಟ್ಟರೆ, ಒಪ್ಪಂದದ ಷರತ್ತಿನಂತೆ 8 ದಿನದ ಸಂಬಳದವರೆಗೂ ಹಿಡಿಯಬಹುದು. ಜಾತ್ರೆಗೆಂದು ಇಡೀ ಬಸ್ಸಿನವರು ಒಟ್ಟಿಗೆ ಉಳಿಯುವ ಮುಂಚೆ ಇದನ್ನು ಯೋಚಿಸಿ.

ಸಂಬಳದ ಚೀಟಿ ಕೊಡುವುದು ಯಜಮಾನರ ಕರ್ತವ್ಯ, ಕೇಳಿ ಪಡೆಯಿರಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ಹೋದ ದಿನ, ತಪ್ಪಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಹೆಚ್ಚು ಹಿಡಿದಿದ್ದರೆ ಮೊದಲು ಕಾರ್ಖಾನೆಯ ಕಚೇರಿಗೆ ಬರೆದು ಕೊಡಿ. ಅಲ್ಲಿ ಸರಿಹೋಗದಿದ್ದರೆ ಕಾರ್ಮಿಕ ಇಲಾಖೆಯ ಮೂಲಕ ಅರ್ಜಿ ಹಾಕಲು 3 ವರ್ಷದ ಅವಕಾಶವಿದೆ. ಹಳೆಯ ಕಾಯಿದೆಯಲ್ಲಿ 12 ತಿಂಗಳು ಮಾತ್ರ ಇತ್ತು. ಅರ್ಜಿ ಬಂದ ಮೇಲೆ, ಬಾಕಿ ಸಲ್ಲಿಸಿದ್ದೇವೆಂದು ರುಜುವಾತು ಮಾಡುವ ಹೊಣೆ ಯಜಮಾನರದು, ನಿಮ್ಮದಲ್ಲ.